ವಿಚಾರಣೆ ಒಳಗೆ ನಡೆಯಲಿ, ತೀರ್ಮಾನ ಹೊರಗೆ ಬರಲಿ

ಶಿಕ್ಷಕರ ಮೇಲೆ ದೂರು ಬಂದಾಗ ಎಲ್ಲರೆದುರು ವಿಚಾರಿಸಿ ಎನ್ನುವವರು ಕೆಲವರು. ಒಳಗೊಳಗೇ ಮುಗಿಸಿ, ಸಂಸ್ಥೆಯ ಹೆಸರು ಕೆಡುತ್ತದೆ ಎನ್ನುವವರು ಹಲವರು. ಅನುಭವ ಮಂಟಪದ ವಾರಸುದಾರರಾದ ನಾವು ಎಲ್ಲವನ್ನೂ ಬಹಿರಂಗವಾಗಿಯೇ ನಡೆಸಬೇಕೆಂದು ಶರಣ ಬಂಧುವೊಬ್ಬರು ವಾದಿಸಿದರು. ನನಗದು ಒಪ್ಪಿಗೆಯಿಲ್ಲ. ಮಂಟಪದಲ್ಲಿ ನಡೆದದ್ದು ವಿಚಾರಗಳ ಮಂಥನ, ಹತ್ತು ವರ್ಷದ ಹುಡುಗಿಯ ಪಾಟೀಸವಾಲಲ್ಲ.

ಸರ್ಕಾರಿ ಎಂಜಿನಿಯರ್ ಆಗಿದ್ದಾಗ ಕೆಲವು ಇಲಾಖಾ ವಿಚಾರಣೆಗಳಲ್ಲಿ ವಿಚಾರಣಾಧಿಕಾರಿಯಾಗಿ ಕೂತಿದ್ದೇನೆ. 1957ರ ಸಿ.ಸಿ.ಎ. ನಿಯಮಗಳಂತೆ ದೋಷಾರೋಪಣಾ ಪಟ್ಟಿ, ಲಿಖಿತ ಉತ್ತರ, ಸಾಕ್ಷಿ, ವರದಿ. ಬಾಗಿಲು ಮುಚ್ಚಿದ್ದರೆ ಗುಮಾಸ್ತನೂ ಮೇಲಧಿಕಾರಿಯ ವಿರುದ್ಧ ಬಾಯಿಬಿಡುತ್ತಿದ್ದ. ನಾಲ್ಕು ಜನ ಕಂಡರೆ "ನೆನಪಿಲ್ಲ ಸಾರ್" ಎನ್ನುತ್ತಿದ್ದ. ಇನ್ನು ಮಕ್ಕಳ ಪಾಡೇನು? 2012ರ ಪೋಕ್ಸೊ ಕಾಯ್ದೆ ನ್ಯಾಯಾಲಯದಲ್ಲಿಯೇ ಗೋಪ್ಯ ವಿಚಾರಣೆ ವಿಧಿಸಿರುವುದು ಸುಮ್ಮನಲ್ಲ. ಶಿಕ್ಷಕರ ಕಡೆಯಿಂದಲೂ ನೋಡಿ. ಪಂಚಾಯಿತಿ ಚುನಾವಣೆಯ ದ್ವೇಷಕ್ಕೂ ಮೇಷ್ಟ್ರ ಮೇಲೆ ಅರ್ಜಿ ಬೀಳುವುದುಂಟು. ಆರೋಪ ಊರೆಲ್ಲ ಸುತ್ತುತ್ತದೆ, ಖುಲಾಸೆ ಮನೆಯ ಹೊಸಿಲನ್ನೂ ದಾಟುವುದಿಲ್ಲ. ಆದರೆ ಶಿಕ್ಷಕರೇ ಬಹಿರಂಗ ವಿಚಾರಣೆ ಕೇಳಿದರೆ, ಮಕ್ಕಳ ಸಾಕ್ಷ್ಯವೊಂದನ್ನು ಬಿಟ್ಟು ಉಳಿದದ್ದನ್ನು ಹಾಗೆಯೇ ನಡೆಸಲಿ.

ನನ್ನ ತಕರಾರು ಆಮೇಲಿನ ಮೌನಕ್ಕೆ. ಟೆಂಡರಿನ ಪರಿಶೀಲನೆಯನ್ನು ಸಮಿತಿ ಒಳಗೆ ಕೂತು ಮಾಡುತ್ತದೆ. ಕೆಲಸ ಯಾರಿಗೆ, ಎಷ್ಟಕ್ಕೆ ಎಂಬುದನ್ನು ಮಾತ್ರ ಬಚ್ಚಿಡುವಂತಿಲ್ಲ. ಶಿಸ್ತುಕ್ರಮದಲ್ಲಿ ಹಾಗಿಲ್ಲ. ನೌಕರನಿಗೆ ಕೊಟ್ಟ ಮೆಮೊ, ಶಿಕ್ಷೆಯ ಆದೇಶ ಇವು ವೈಯಕ್ತಿಕ ಮಾಹಿತಿ, ಹೆಚ್ಚಿನ ಸಾರ್ವಜನಿಕ ಹಿತ ತೋರಿಸದೆ ಮಾಹಿತಿ ಹಕ್ಕಿನಡಿ ಸಿಗವು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಇಂಗ್ಲೆಂಡಿನಲ್ಲಾದರೆ ಗಂಭೀರ ದುರ್ನಡತೆಯ ವಿಚಾರಣೆಗಳೇ ಸಾಮಾನ್ಯವಾಗಿ ಬಹಿರಂಗ, ತೀರ್ಪೂ ಪ್ರಕಟವಾಗುತ್ತದೆ. ನಾವು ಅಷ್ಟು ದೂರ ಹೋಗುವುದು ಬೇಡ.

ಮಠಗಳು ನಡೆಸುವ ಶಾಲೆಗಳ ಮಾತಿಗೆ ಬರೋಣ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಪ್ರಕಾರ ವಿಚಾರಣೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ. ಮಾಡಿದರೆ ಅವರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ಆ ತಾಪತ್ರಯ ಯಾರಿಗೆ ಬೇಕೆಂದು ಎಷ್ಟೋ ಆಡಳಿತ ಮಂಡಳಿಗಳು ರಾಜೀನಾಮೆ ಬರೆಸಿಕೊಂಡು, ಸನ್ನಡತೆಯ ಪತ್ರವನ್ನೂ ಕೈಗಿತ್ತು ಕಳಿಸುತ್ತವೆ. ಬರುವ ಜೂನಿಗೆ ಆತ ಪಕ್ಕದ ತಾಲ್ಲೂಕಿನ ಶಾಲೆಯಲ್ಲಿ ಹಾಜರು. ಇದನ್ನು ಮಠದ ಮರ್ಯಾದೆ ಕಾಯುವುದು ಎನ್ನುತ್ತಾರೆ. ಆ ಎರಡನೆಯ ಶಾಲೆಯ ಮಕ್ಕಳು ಯಾರ ಭಕ್ತರ ಮಕ್ಕಳು? ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಅಡಿಯಲ್ಲಿ 1 ವರ್ಷದವರೆಗೆ ಜೈಲಿದೆ ಎಂಬುದನ್ನೂ ಕಾರ್ಯದರ್ಶಿಗಳು ಓದಿಕೊಳ್ಳಲಿ.

ವಿಚಾರಣಾಧಿಕಾರಿ ಸಂಸ್ಥೆಯ ಹೊರಗಿನವರಾಗಿರಲಿ, ಕಾರ್ಯದರ್ಶಿಯ ಬೀಗರಲ್ಲ. ಆರೋಪವೇನು, ಸಾಬೀತಾಯಿತೇ, ಯಾಕೆ, ಕ್ರಮವೇನು ಎಂಬುದನ್ನು ಮಗುವಿನ ಗುರುತು ಬಿಟ್ಟುಕೊಡದಂತೆ ಒಂದು ಹಾಳೆಯಲ್ಲಿ ಬರೆದು ಪಾಲಕರ ಸಭೆಯಲ್ಲಿ ಓದಲಿ. ಶಿಕ್ಷಕರು ನಿರ್ದೋಷಿ ಎಂದಾದರೆ ಅದನ್ನೂ ಅದೇ ಸಭೆಯಲ್ಲಿ, ಅಷ್ಟೇ ಜೋರಾಗಿ ಓದಲಿ. ಮತ್ತೊಂದು ಶಾಲೆ ವಿಚಾರಿಸಿದಾಗ ಆ ಹಾಳೆಯೇ ಹೋಗಲಿ.

ಮಠದ ಶಾಲೆಯ ವಾರ್ಷಿಕ ಸಭೆಗೆ ಹೋಗುವ ಭಕ್ತರು ಒಂದು ಲೆಕ್ಕ ಕೇಳಿ: ಹತ್ತು ವರ್ಷದಲ್ಲಿ ಎಷ್ಟು ಶಿಕ್ಷಕರು ವರ್ಷದ ನಡುವೆಯೇ ರಾಜೀನಾಮೆ ಕೊಟ್ಟರು, ಕಾರಣ ಎಲ್ಲಿ ಬರೆದಿದೆ?