ಜೋಗದ ಆಚೆ

ಕಳೆದ ವರ್ಷ ನಮ್ಮ ತರಗತಿಯ ಪ್ರವಾಸ ಜೋಗದಲ್ಲಿಯೇ ಮುಗಿಯಬೇಕಾಗಿತ್ತು. ಅಧ್ಯಾಪಕರೊಬ್ಬರ ಒತ್ತಾಯದಿಂದ ಬಸ್ಸು ಹೊನ್ನಾವರದ ರಸ್ತೆ ಹಿಡಿದು, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ನಿಂತಿತು. ಕೆಸರು ನೋಡಲು ಇಷ್ಟು ದೂರವೇ ಎಂದು ಗೊಣಗಿದವರಲ್ಲಿ ನಾನೇ ಮೊದಲಿಗ.

ಅಲ್ಲಿರುವುದು ರಾಮಪತ್ರೆ ಜಡ್ಡಿ. ಹಳ್ಳದ ನೀರು ನಿಧಾನವಾಗಿ ಹರಿಯುವ ಜೌಗಿನಲ್ಲಿ ಜಾಯಿಕಾಯಿಯ ಬಳಗದ ಮರಗಳು ನಿಂತಿವೆ. ಕೆಸರಿನೊಳಗೆ ಗಾಳಿ ಸಾಲದು. ಆದುದರಿಂದ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡುತ್ತವೆ. ಅಮೆರಿಕದ ಸೈಪ್ರೆಸ್ ಜೌಗುಗಳಲ್ಲಿಯೂ ಇಂಥ ಮೊಣಕಾಲು ಬೇರುಗಳುಂಟು; ಅವನ್ನು ನೋಡಲೆಂದೇ ಅಲ್ಲಿಯ ಜನ ಉದ್ಯಾನಗಳಿಗೆ ಹೋಗುತ್ತಾರೆ. ನಮ್ಮಲ್ಲಾದರೋ ಎಷ್ಟೋ ಜಡ್ಡಿಗಳು ಗದ್ದೆ, ಅಡಿಕೆ ತೋಟಗಳಾಗಿ ಹೋದವು. ಸಿಂಗಳೀಕಗಳ ನೆಲೆಯಾದ ಈ ಕಾಡು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಸೇರಿ ಉಳಿದುಕೊಂಡಿದೆ.

ಕೆಂಗೇರಿಯಲ್ಲಿ ಬೆಳೆದ ನನಗೆ ಒದ್ದೆ ನೆಲವೆಂದರೆ ಮೂಗು ಮುಚ್ಚಿಕೊಂಡು ದಾಟುವ ವೃಷಭಾವತಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಹೇಳುವ ಹೊಳೆಯನ್ನು ನಾವು ಚರಂಡಿ ಮಾಡಿದೆವು; ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿದೆವು. ಜೌಗೆಂದರೆ ಪಾಳು ಎಂಬ ಭಾವನೆಯೇ ಇದಕ್ಕೆಲ್ಲ ಮೂಲ. ಬೇಸಿಗೆಗೂ ನೀರು ಹಿಡಿದಿಡುವ ನೆಲ ಪಾಳಲ್ಲವೆಂದು ಕತ್ತಲೆಕಾನು ನನಗೆ ಕಲಿಸಿತು.

ವಿದ್ಯಾರ್ಥಿಗಳ ಗುಂಪು ನುಗ್ಗಿದರೆ ಜಡ್ಡಿ ಕೆಡದೇ ಎಂದು ಕೆಲವರು ಕೇಳಬಹುದು. ನಿಜ. ಅರಣ್ಯ ಇಲಾಖೆಯ ಅನುಮತಿ ಪಡೆದು, ಹತ್ತು ಹತ್ತು ಮಂದಿಯಾಗಿ, ಅಂಚಿನಲ್ಲಿ ನಿಂತು ನೋಡಿದರೆ ಸಾಕು. ಮುಂದಿನ ಪ್ರವಾಸ ವೃಷಭಾವತಿಯ ದಂಡೆಯಿಂದಲೇ ಹೊರಡಲಿ, ಜೋಗವನ್ನು ದಾಟಿ ಕತ್ತಲೆಕಾನಿಗೆ ಹೋಗಲಿ ಎಂಬುದು ನನ್ನ ಬಿನ್ನಹ. ಕಳೆದುಕೊಂಡದ್ದು ಏನೆಂದು ಆಗ ತಿಳಿದೀತು.