ಪೂರಕ ಅಂದಾಜೂ ಸಿಬ್ಬಂದಿ ಇಲಾಖೆಯ ಮುಂದಾಲೋಚನೆಯೂ



ವಿಧಾನಮಂಡಲದ ಅಧಿವೇಶನ ಕೂಡಿದಾಗ ಪೂರಕ ಅಂದಾಜುಗಳ ಒಂದು ಕಂತು ಸದನದ ಮುಂದೆ ಬರುವುದೂ, ಮರುದಿನದ ಪತ್ರಿಕೆಯ ಮೂಲೆಯಲ್ಲಿ ಅದರ ಒಟ್ಟು ಮೊತ್ತ ಅಚ್ಚಾಗುವುದೂ, ಅಲ್ಲಿಗೆ ಸಾರ್ವಜನಿಕರ ಕುತೂಹಲ ತಣಿದುಹೋಗುವುದೂ ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2023ರ ಡಿಸೆಂಬರಿನಲ್ಲಿ ಮಂಡಿತವಾದ ಮೊದಲ ಕಂತು 3,542 ಕೋಟಿ ರೂಪಾಯಿಗಳದು. ಮರುವರ್ಷ ಅದೇ ತಿಂಗಳು, ಅದೇ ಸ್ಥಳದಲ್ಲಿ ಮಂಡಿತವಾದುದು 5,317 ಕೋಟಿಯದು. 3,71,000 ಕೋಟಿಯನ್ನು ಮೀರಿದ ಆ ವರ್ಷದ ಆಯವ್ಯಯದ ಮುಂದೆ ಇದೆಷ್ಟರದು ಎನ್ನುವವರುಂಟು. ನನ್ನ ತಕರಾರು ಮೊತ್ತದ ಮೇಲಲ್ಲ. ಆ ಪಟ್ಟಿಯಲ್ಲಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯು ಬಂದು ನಿಲ್ಲುವ ಬಗೆಯ ಮೇಲೆ.

ಮಂಜೂರಾದ ಹಣವು ಸಾಲದೆ ಹೋದಾಗ, ಅಥವಾ ಆಯವ್ಯಯದ ಕಾಲಕ್ಕೆ ಮನಸ್ಸಿನಲ್ಲಿಲ್ಲದ ಹೊಸ ಕಾರ್ಯವೊಂದು ತಲೆದೋರಿದಾಗ, ಸರ್ಕಾರವು ಶಾಸಕಾಂಗದ ಮುಂದೆ ಎರಡನೆಯ ಸಲ ಬರಬಹುದೆಂದು ಸಂವಿಧಾನದ 205ನೆಯ ಅನುಚ್ಛೇದವೇ ಅನುಮತಿಯಿತ್ತಿದೆ. ಅದು ನ್ಯಾಯವಾದುದೂ ಹೌದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಅಂಥ ವಿಪತ್ತನ್ನು ಮುಂಗಂಡು ಲೆಕ್ಕ ಕಟ್ಟಿಡಬೇಕಾಗಿತ್ತೆಂದು ಕಂದಾಯ ಇಲಾಖೆಯನ್ನು ಯಾರೂ ದೂರರು. ಆದರೆ ಸಿಬ್ಬಂದಿ ಇಲಾಖೆಯ ಮಾತೇ ಬೇರೆ. ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು, ಯಾವ ತಿಂಗಳ ಕೊನೆಯ ದಿನ ಯಾರು ನಿವೃತ್ತರಾಗುವರು, ಯಾರಿಗೆ ಎಂದು ವಾರ್ಷಿಕ ವೇತನಬಡ್ತಿ, ಜನವರಿ ಜುಲೈಗಳ ತುಟ್ಟಿಭತ್ಯೆಯಿಂದ ಬೀಳುವ ಹೊರೆಯೇನು ಎಂಬ ಇವೆಲ್ಲ ಕಡತದಲ್ಲೇ ಇರತಕ್ಕ ಸಂಗತಿಗಳು. ಆಡಳಿತವನ್ನು ಸುಧಾರಿಸುವುದೇ ತನ್ನ ಹೆಸರಿನ ಅರ್ಧಭಾಗವಾಗಿರುವ ಇಲಾಖೆಯು ವರ್ಷದ ನಡುವೆ ಸಾಲದೆಂದು ಬಂದರೆ, ಪಂಚಾಂಗ ಬರೆದವರೇ ಗ್ರಹಣದ ದಿನವನ್ನು ಮರೆತಂತಾಗುತ್ತದೆ. ಮುಂದಾಲೋಚನೆಯ ಕೊರತೆಗೆ ಒಂದು ನಿದರ್ಶನ ಸಾಕು: ಅದೇ 2023ರಲ್ಲಿ ಜುಲೈ 7ರಂದು ಆಯವ್ಯಯ ಮಂಡನೆಯಾಗಿ ಎರಡು ತಿಂಗಳೂ ತುಂಬುವ ಮುನ್ನವೇ ಸಚಿವರಿಗಾಗಿ 33 ಇನ್ನೋವಾ ಹೈಕ್ರಾಸ್ ವಾಹನಗಳನ್ನು 9.9 ಕೋಟಿ ರೂಪಾಯಿಗಳಿಗೆ ಕೊಳ್ಳಲು ಮಂಜೂರಾತಿ ಹೊರಟಿತು. ಹಣ ಯಾವ ಬಾಬಿನಿಂದ ಬಂದರೂ ಸರಿಯೆ, ಮೇ ತಿಂಗಳಲ್ಲಿ ಅಧಿಕಾರ ವಹಿಸಿದ ಸಚಿವರಿಗೆ ವಾಹನ ಬೇಕಾದೀತೆಂಬುದು ಜುಲೈಯಲ್ಲಿ ಊಹೆಗೆ ನಿಲುಕದ ವಿಷಯವೇನೂ ಆಗಿರಲಾರದು.

ಪೂರಕ ಅಂದಾಜಿನ ಪುಸ್ತಕವನ್ನು ಬಿಡಿಸಿ ನೋಡಿದವರಿಗೆ ಅದರ ಸ್ವರೂಪ ಗೊತ್ತು. ಎಡಕ್ಕೆ ಉದ್ದನೆಯ ಅಂಕೆಗಳ ಲೆಕ್ಕಶೀರ್ಷಿಕೆ, ಬಲಕ್ಕೆ ಲಕ್ಷಗಳಲ್ಲಿ ಮೊತ್ತ, ಕೆಳಗೆ ಒಂದೆರಡು ಸಾಲಿನ ವಿವರಣೆ. ಆ ವಿವರಣೆಯಾದರೋ ಅನೇಕ ವೇಳೆ, ಹೆಚ್ಚುವರಿ ಹಣ ಅಗತ್ಯವಾದುದರಿಂದ ಹೆಚ್ಚುವರಿ ಹಣ ಕೋರಲಾಗಿದೆ ಎಂಬಷ್ಟನ್ನೇ ಬೇರೆ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಕೊರತೆ ಎಲ್ಲಿ ಹುಟ್ಟಿತು, ಅದೇ ಇಲಾಖೆಯ ಮತ್ತೊಂದು ಶೀರ್ಷಿಕೆಯಲ್ಲಿ ಉಳಿದ ಹಣವನ್ನು ಪುನರ್ವಿನಿಯೋಗ ಮಾಡಲು ಬರುತ್ತಿರಲಿಲ್ಲವೇ ಎಂದು ಕೇಳುವ ಶಾಸಕರು ವಿರಳ. ಕೇಳಿದರೂ ಉತ್ತರಕ್ಕೆ ಸಮಯವಿರುವುದಿಲ್ಲ. ಗದ್ದಲದ ನಡುವೆ ಬೇಡಿಕೆಗಳೆಲ್ಲ ಒಟ್ಟಿಗೆ ಅಂಗೀಕೃತವಾಗಿ, ಧನವಿನಿಯೋಗ ವಿಧೇಯಕವೂ ಬೆನ್ನಿಗೇ ಪಾಸಾಗುತ್ತದೆ.

ಶಂಕರಘಟ್ಟದವರಿಗೆ ಈ ವಿಷಯ ದೂರದ್ದಲ್ಲ. ಇಲ್ಲಿನ ವಿಶ್ವವಿದ್ಯಾಲಯದ ಆವರಣವಾದ ಜ್ಞಾನ ಸಹ್ಯಾದ್ರಿಯಲ್ಲಿ ಕಲಿತು, ಬಾಡಿಗೆ ಕೋಣೆಗಳಲ್ಲಿ ನೆಲೆಸಿ, ಬೆಳಗಿನಿಂದ ಇರುಳಿನವರೆಗೆ ಸರ್ಕಾರಿ ಪರೀಕ್ಷೆಗಳಿಗೆ ಓದುವ ತರುಣ ತರುಣಿಯರನ್ನು ಕಾಣಬೇಕಾದರೆ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅರೆಗಳಿಗೆ ಕುಳಿತರೆ ಸಾಕು. ಲೋಟದ ಪಕ್ಕದಲ್ಲಿ ಅಂಚು ಸವೆದ ಹಳೆಯ ಪ್ರಶ್ನಪತ್ರಿಕೆಯ ಜೆರಾಕ್ಸ್ ಪ್ರತಿ ಇದ್ದೇ ಇರುತ್ತದೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆದು, ಪ್ರಶ್ನೆಗಳ ಕನ್ನಡ ರೂಪ ಅರ್ಥವಾಗದಷ್ಟು ಕೆಟ್ಟಿತ್ತೆಂಬ ಕೂಗೆದ್ದು, ಮರುಪರೀಕ್ಷೆಗೆ ಸರ್ಕಾರವೇ ಸೂಚಿಸಿ, ಅದು ಡಿಸೆಂಬರ್ 29ರಂದು ನಡೆದಾಗ ಅದರಲ್ಲಿಯೂ ತಪ್ಪುಗಳಿವೆಯೆಂದು ಅಭ್ಯರ್ಥಿಗಳು ಮತ್ತೆ ಬೀದಿಗಿಳಿದುದು ನಾಡಿಗೆಲ್ಲ ತಿಳಿದಿದೆ. ಒಂದು ಪರೀಕ್ಷೆಯನ್ನು ಎರಡು ಸಲ ನಡೆಸಲು ಕೇಂದ್ರಗಳು, ಮೇಲ್ವಿಚಾರಕರು, ಪೊಲೀಸರು, ಮುದ್ರಣ, ಸಾಗಾಟ, ಎಲ್ಲವೂ ಎರಡು ಸಲ ಬೇಕು. ಇದನ್ನು ಅನಿರೀಕ್ಷಿತ ವೆಚ್ಚವೆಂದು ಕರೆಯಬಹುದಾದರೂ, ಬರಗಾಲವು ಅನಿರೀಕ್ಷಿತವಾದಂತೆ ಇದು ಅನಿರೀಕ್ಷಿತವೆಂದು ಒಪ್ಪಲು ನನ್ನ ಮನಸ್ಸು ಒಡಂಬಡುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1951ರಲ್ಲಿ ಮೈಸೂರು ಲೋಕಸೇವಾ ಆಯೋಗವೆಂಬ ಹೆಸರಿನಿಂದ ಸ್ಥಾಪಿತವಾಗಿ, ಈ ಪರೀಕ್ಷೆಯನ್ನು ನಡೆಸಿದ ರಾಜ್ಯ ಲೋಕಸೇವಾ ಆಯೋಗದ ವೆಚ್ಚವು, 322ನೆಯ ಅನುಚ್ಛೇದದ ಮೇರೆಗೆ, ರಾಜ್ಯದ ಸಂಚಿತ ನಿಧಿಯ ಮೇಲೆ ಪ್ರಭೃತವಾದುದು, ಅಂದರೆ ಮತಕ್ಕೆ ಹಾಕತಕ್ಕುದಲ್ಲ. ಅಧಿಕಾರಸ್ಥರ ಮುನಿಸಿಗೆ ಅಂಜದೆ ಆಯೋಗವು ಆಯ್ಕೆ ಮಾಡಲೆಂಬ ಸದುದ್ದೇಶದಿಂದಲೇ ಸಂವಿಧಾನಕರ್ತರು ಹೀಗೆ ವಿಧಿಸಿದರು. ಆದರೆ ಮತ ಬೇಡವೆಂದರೆ ಚರ್ಚೆಯೂ ಬೇಡವೆಂದಲ್ಲ. 203ನೆಯ ಅನುಚ್ಛೇದವು ಅಂಥ ವೆಚ್ಚದ ಚರ್ಚೆಯನ್ನು ತಡೆದಿಲ್ಲವೆಂದು ಸ್ಪಷ್ಟವಾಗಿ ನುಡಿಯುತ್ತದೆ. ಈ ಅವಕಾಶವನ್ನು ನಮ್ಮ ಶಾಸಕರು ಬಳಸಿಕೊಂಡದ್ದು ಅತ್ಯಲ್ಪ.

ಮೂಲ ಅನುದಾನವೇ ಖರ್ಚಾಗದೆ ಉಳಿದ ಬಾಬುಗಳಿಗೂ ಪೂರಕ ಅನುದಾನ ಪಡೆಯಲಾಗಿದೆಯೆಂದು ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ತಮ್ಮ ವರದಿಗಳಲ್ಲಿ ಮತ್ತೆ ಮತ್ತೆ ಆಕ್ಷೇಪಿಸುತ್ತ ಬಂದಿದ್ದಾರೆ. ನಡುವರ್ಷದಲ್ಲಿ ಬೇಡಿ ಪಡೆದ ಹಣವನ್ನು ಮಾರ್ಚ್ ಕೊನೆಯಲ್ಲಿ ಅಧ್ಯರ್ಪಿಸುವುದು, ಇಲ್ಲವೇ ಖಜಾನೆಯ ಮುಂದೆ ಬಿಲ್ಲುಗಳ ರಾಶಿ ಹಾಕಿ ಹೇಗೋ ಮುಗಿಸುವುದು: ಈ ಎರಡರಲ್ಲಿ ಯಾವುದು ಕೆಟ್ಟದ್ದೆಂದು ನಿರ್ಣಯಿಸುವುದು ಕಷ್ಟ. ಇತ್ತ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಹುದ್ದೆಗಳು ಖಾಲಿ ಬಿದ್ದಿವೆ.

ಆದಕಾರಣ ಮುಂದಿನ ಕಂತಿನಲ್ಲಿ ಸಿಬ್ಬಂದಿ ಇಲಾಖೆಯ ಪ್ರತಿಯೊಂದು ಬಾಬಿನ ಕೆಳಗೂ, ಅಂದಿನವರೆಗೆ ಮೂಲ ಅನುದಾನದಲ್ಲಿ ಖರ್ಚಾದುದೆಷ್ಟು, ಹಿಂದಿನ ವರ್ಷ ಅದೇ ಬಾಬಿನಲ್ಲಿ ಅಧ್ಯರ್ಪಿಸಿದ್ದೆಷ್ಟು, ಕೊರತೆಯು ಯಾವ ಆದೇಶದಿಂದ ಉಂಟಾಯಿತು ಎಂಬುದನ್ನು ಅಚ್ಚು ಮಾಡತಕ್ಕದ್ದೆಂದು ಹಣಕಾಸು ಇಲಾಖೆಯು ನಿರ್ದೇಶಿಸಬೇಕು. ಮರುಪರೀಕ್ಷೆಯ ವೆಚ್ಚವನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಶಿವಮೊಗ್ಗ ಭದ್ರಾವತಿಗಳ ಶಾಸಕರು ಯಾವ ಪಕ್ಷದವರೇ ಆಗಿರಲಿ, ಅಧಿವೇಶನಕ್ಕೆ ಹೊರಡುವ ಮುನ್ನ ಈ ಪ್ರಶ್ನೆಗಳನ್ನು ಲಿಖಿತವಾಗಿ ಸಲ್ಲಿಸುವರೆಂದೂ, ಬಂದ ಉತ್ತರವನ್ನು ತಮ್ಮ ಪತ್ರಿಕೆಯು ಪ್ರಕಟಿಸುವುದೆಂದೂ ಆಶಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಲೆಕ್ಕಿಗ
ಶಂಕರಘಟ್ಟ, ಭದ್ರಾವತಿ ತಾಲ್ಲೂಕು