‘ವ್ಯರ್ಥ’ವಾಗಿ ಹರಿಯುವ ಹೊಳೆಯ ಕೆಲಸ

‘ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’ ಎಂಬ ಮಾತು ವೇದಿಕೆಗಳಲ್ಲಿ ಎಷ್ಟು ಸಲ ಕೇಳಿಬಂದಿದೆಯೆಂದರೆ, ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವರೂ ಅದನ್ನು ನಂಬತೊಡಗಿದ್ದಾರೆ. 24 ಟಿಎಂಸಿ ನೀರನ್ನು ಪೂರ್ವಕ್ಕೆ ಒಯ್ಯುವೆವೆಂದು ಹೊರಟ ಎತ್ತಿನಹೊಳೆ ಯೋಜನೆಗೆ ಈ ಮಾತೇ ಬಲ. ಅದರ ಮೊದಲ ಹಂತ 2024ರಲ್ಲಿ ಉದ್ಘಾಟನೆಯಾಯಿತು. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವಗಳಿಗೂ ಇದೇ ತಳಹದಿ. ಈ ಲೆಕ್ಕದಲ್ಲಿ ಹೊಳೆಯೆಂದರೆ ಇಷ್ಟು ಟಿಎಂಸಿ, ಅಷ್ಟೇ. ಹೊಳೆ ಮಾಡುವ ಕೆಲಸಕ್ಕೆ ಅಲ್ಲಿ ಜಾಗವೇ ಇಲ್ಲ.

ಆ ಕೆಲಸವೇನೆಂಬುದನ್ನು ಅಘನಾಶಿನಿಯಲ್ಲಿ ಕಣ್ಣಾರೆ ಕಾಣಬಹುದು. ಶಿರಸಿಯ ಆಸುಪಾಸಿನಲ್ಲಿ ಹುಟ್ಟುವ ಈ ಹೊಳೆಗೆ ದೊಡ್ಡ ಅಣೆಕಟ್ಟೆ ಬಿದ್ದಿಲ್ಲ. ಮಳೆಗಾಲದಲ್ಲಿ ಅದು ಕೆಂಪಾಗಿ ಹರಿಯುವುದು ಘಟ್ಟದ ಮಣ್ಣನ್ನು ಹೊತ್ತಿರುವುದರಿಂದ. ಕಲ್ಲಿಗೆ ಕಲ್ಲು ತಾಗಿ ಗುಂಡಾಗುತ್ತದೆ, ಸವೆದು ಮರಳಾಗುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕುವ ನೀರು ಬಂಡೆಯ ಬುಡವನ್ನು ಕೊರೆಯುತ್ತದೆ. ಬುಡ ಸಡಿಲಗೊಂಡಾಗ ಮೇಲಿನ ಬಂಡೆ ಕಳಚಿ ಬೀಳುತ್ತದೆ. ಹೀಗೆ ಜಲಪಾತವು ಸಹಸ್ರಾರು ವರ್ಷಗಳಲ್ಲಿ ಮೂಲದ ಕಡೆಗೆ ಸರಿಯುತ್ತ, ಸರಿದ ದಾರಿಯಲ್ಲಿ ಕೊಳ್ಳವನ್ನು ಬಿಟ್ಟುಹೋಗುತ್ತದೆ. ಘಟ್ಟದ ಪಶ್ಚಿಮದ ಮಗ್ಗುಲು ಕಡಿದಾದುದು, ಕಡಲು ಹತ್ತಿರ. ಆದುದರಿಂದಲೇ ಇಲ್ಲಿನ ಹಳ್ಳಗಳಿಗೆ ಕೊರೆಯುವ ಶಕ್ತಿ ಹೆಚ್ಚು. ಪೂರ್ವದ ಬಯಲಿಗೆ ಇಳಿಯುವ ವರದೆಗೆ ಆ ಅವಸರವಿಲ್ಲ. ಅಡಿಕೆ ತೋಟಗಳಿಗೆ ನೆರಳು, ತಂಪು ಕೊಡುವ ಕಣಿವೆಗಳನ್ನು ತೋಡಿದ್ದು ಈ ಹಳ್ಳಗಳೇ ಹೊರತು ಯಾವ ಗುತ್ತಿಗೆದಾರನೂ ಅಲ್ಲ!

ಮೇಲೆ ಕಡಿದುದನ್ನು ಹೊಳೆ ಕೆಳಗೆ ಕಟ್ಟುತ್ತದೆ. ಕಡಲ ಸಮೀಪ ಹರಿವಿನ ವೇಗ ಕುಗ್ಗಿ ಹೂಳು ತಳಕ್ಕಿಳಿಯುತ್ತದೆ. ಕುಮಟಾದ ಗಜನಿ ಗದ್ದೆಗಳು, ಕಾಂಡ್ಲಾ ಕಾಡು, ಇಳಿತದ ಹೊತ್ತಿನಲ್ಲಿ ಹೆಂಗಸರು ಬಳಚು ಆಯುವ ದಿಬ್ಬಗಳು, ಎಲ್ಲವೂ ಈ ಹೂಳಿನ ಮೇಲೆ ನಿಂತಿವೆ. ಉಪ್ಪು ತಾಳುವ ಕಗ್ಗ ಭತ್ತಕ್ಕೂ ಗಜನಿಯ ಉಪ್ಪನ್ನು ತೊಳೆಯುವ ಮಳೆಗಾಲದ ನೀರು ಬೇಕೇ ಬೇಕು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಒಂದು ಕೈಯಲ್ಲಿ ಅಂತರರಾಷ್ಟ್ರೀಯ ಮನ್ನಣೆಯ ಪತ್ರ, ಇನ್ನೊಂದು ಕೈಯಲ್ಲಿ ಅದೇ ಹೊಳೆಯನ್ನು ತಿರುಗಿಸುವ ನಕ್ಷೆ!

ನೆರೆಯ ಶರಾವತಿಯಲ್ಲಿ ನಡೆದದ್ದನ್ನು ನಕ್ಷೆ ಬರೆಯುವವರು ನೋಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಿತು. ಮುಳುಗಡೆಯ ನೋವನ್ನು ಮಲೆನಾಡು ಮರೆತಿಲ್ಲ. ಹೊನ್ನಾವರದ ಅಳಿವೆಗೆ ಒದಗಿದ ಗತಿ ಮಾತ್ರ ಅಷ್ಟಾಗಿ ಚರ್ಚೆಯಾಗಲಿಲ್ಲ. ಮೇಲಿನ ಹೂಳು ಜಲಾಶಯದಲ್ಲಿ ನಿಂತಿತು. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹೊರಬೀಳುವುದರಿಂದ, ಬೇಸಿಗೆಯಲ್ಲಿ ಅಳಿವೆಯೊಳಗೆ ಏರಬೇಕಾದ ಉಪ್ಪಿನ ಅಂಶ ಕುಗ್ಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಕಾರರು ಎರಡೂ ಅಳಿವೆಗಳನ್ನು ಹೋಲಿಸಿದಾಗ, ಅಘನಾಶಿನಿಯಲ್ಲಿ ಹೇರಳವಾಗಿದ್ದ ಚಿಪ್ಪುಜೀವಿಗಳು ಶರಾವತಿಯಲ್ಲಿ ವಿರಳವಾಗಿದ್ದವು. ಅಲ್ಲಿ ಸಿಹಿನೀರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕೆಟ್ಟಿತು. ಹೊಳೆಯನ್ನು ತಿರುಗಿಸಿದರೆ ಇಲ್ಲಿ ಬರಬೇಕಾದ ಹೊತ್ತಿಗೆ ಬಾರದೆ ಕೆಡುತ್ತದೆ.

ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಅಲ್ಲಿನ ಕೆರೆಗಳಲ್ಲಿ ಹೂಳು ತುಂಬಿ, ರಾಜಕಾಲುವೆಗಳು ಒತ್ತುವರಿಯಾಗಿರುವಾಗ ಘಟ್ಟದ ನೀರನ್ನು ಪಂಪು ಹಚ್ಚಿ ಗುಡ್ಡ ಹತ್ತಿಸುವುದು ಯಾರ ಬಾಯಾರಿಕೆಗೆ?

ಯೋಜನಾ ವರದಿ ಹಿಡಿದು ಗ್ರಾಮಸಭೆಗೆ ಬರುವ ಎಂಜಿನಿಯರರನ್ನು ಊರವರು, ಕಾಲೇಜಿನ ಹುಡುಗರು ನೇರವಾಗಿ ಕೇಳಬೇಕು. ತಿರುಗಿಸಿದ ಮೇಲೆ ಅಳಿವೆಗೆ ತಲುಪುವ ಹೂಳು ಎಷ್ಟು? ಗಜನಿಯ ಉಪ್ಪು ತೊಳೆಯಲು ಎಷ್ಟು ನೀರು ಉಳಿಯುತ್ತದೆ? ಬೇಸಿಗೆಯಲ್ಲಿ ಉಪ್ಪುನೀರು ಯಾವ ಊರಿನ ಬಾವಿಯವರೆಗೆ ಏರುತ್ತದೆ? ಇವಕ್ಕೆ ಲಿಖಿತ ಉತ್ತರ ಕೈಸೇರುವವರೆಗೆ ಸಭೆಯ ನಡಾವಳಿ ಪುಸ್ತಕಕ್ಕೆ ಒಂದು ಸಹಿಯೂ ಬೀಳಬಾರದು.